ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಗ್ರ್ಯಾವಲ್ ಸೈಕಲ್: ಐದು ದಾರಿಗಳಲ್ಲಿ ಯಾವುದು ಯಾರಿಗೆ

ವಾರ ಹತ್ತು ದಿನ ರಜೆ ಸಿಕ್ಕಿದೆ, ಸೈಕಲ್ ಇದೆ ಅಥವಾ ಬಾಡಿಗೆಗೆ ಹಿಡಿಯುವ ಯೋಚನೆ ಇದೆ, ಫ್ರಾನ್ಸ್ ಎಂದೂ ತೀರ್ಮಾನವಾಗಿದೆ. ಅಲ್ಲಿಂದ ಮುಂದೆ ಬಂಡಿ ಹೋಗುವುದಿಲ್ಲ. ಒಬ್ಬರು ಕೆನಾಲ್ ದ್ಯು ಮಿದಿ ಅನ್ನುತ್ತಾರೆ, ಇನ್ನೊಬ್ಬರು ಸೆವೆನ್ನ್ ಬೆಟ್ಟಗಳಿಗೆ ಹೋಗಿ ಅನ್ನುತ್ತಾರೆ, ಮತ್ತೊಬ್ಬರು ಬ್ರಿಟನಿ ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಫೋಟೋಗಳಲ್ಲಿ ಎಲ್ಲವೂ ಚೆಂದವೇ. ಎಲ್ಲದಕ್ಕೂ ‘ಗ್ರ್ಯಾವಲ್’, ಅಂದರೆ ಜಲ್ಲಿ-ಮಣ್ಣಿನ ದಾರಿ, ಎಂಬ ಒಂದೇ ಹೆಸರು. ತೊಡಕು ಇರುವುದೇ ಆ ಹೆಸರಿನಲ್ಲಿ. ರೋಲರ್ ಹೊಡೆದ ಕ್ರಿಕೆಟ್ ಪಿಚ್ಚಿನಂಥ ಕಾಲುವೆ ದಂಡೆಯೂ ಗ್ರ್ಯಾವಲ್ಲೇ, ಮುಷ್ಟಿಗಾತ್ರದ ಸುಣ್ಣಕಲ್ಲು ಚಕ್ರದಡಿ ಉರುಳುವ ಇಳಿಜಾರೂ ಗ್ರ್ಯಾವಲ್ಲೇ. ಮೊದಲನೆಯದರಲ್ಲಿ 60 ಕಿ.ಮೀ.ಗೆ ನಾಲ್ಕು ಗಂಟೆ ಸಾಕು, ಎರಡನೆಯದರಲ್ಲಿ ಎಂಟಾದರೂ ಮುಗಿಯದು.

ಆದ್ದರಿಂದ ಕಿಲೋಮೀಟರ್ ಲೆಕ್ಕ ಕೊನೆಗಿರಲಿ. ನೆಲ ಹೇಗಿದೆ, ದಿನಕ್ಕೆ ಎಷ್ಟು ಏರು, ಊಟ-ನೀರಿನ ನಡುವೆ ಎಷ್ಟು ಅಂತರ, ಕೈಕೊಟ್ಟರೆ ಹತ್ತಲು ರೈಲಿದೆಯೇ: ಈ ನಾಲ್ಕನ್ನು ಮೊದಲು ನೋಡಿ. ಇವುಗಳ ಮೇಲೆ ಖರ್ಚು ಮತ್ತು ತಿಂಗಳು.

ನಕ್ಷೆಯ ಹೆಸರು, ಚಕ್ರದಡಿಯ ನೆಲ

ಫ್ರೆಂಚ್ ನಕ್ಷೆಯ ನಾಲ್ಕು ಮಾತು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ‘ಶ್ಮಾಂ ದ ಅಲಾಜ್’ ಎಂದರೆ ಹಿಂದೆ ಕುದುರೆಗಳು ದೋಣಿ ಎಳೆದುಕೊಂಡು ನಡೆಯುತ್ತಿದ್ದ ಕಾಲುವೆ ದಂಡೆ. ಏರಿಲ್ಲ, ಆದರೆ ನೆಲ ಹೇಗಿದೆ ಎಂಬುದು ಆ ಜಿಲ್ಲೆಯವರು ಹಣ ಹಾಕಿದ್ದಾರೋ ಇಲ್ಲವೋ ಅನ್ನುವುದರ ಮೇಲೆ ಹೋಗುತ್ತದೆ. ‘ವ್ವಾ ವೆರ್ತ್’ ಎಂದರೆ ಮೋಟಾರು ವಾಹನಕ್ಕೆ ಬಿಡದ ಹಸಿರುದಾರಿ. ಹೆಚ್ಚಿನವು ಹಳಿ ಕಿತ್ತ ಹಳೇ ರೈಲುಮಾರ್ಗಗಳು. ಉಗಿಬಂಡಿ ಹತ್ತಿದ ದಾರಿಯಾದ್ದರಿಂದ ಏರು ಎಂದೂ ಕಡಿದಾಗಿರುವುದಿಲ್ಲ. ‘ಪಿಸ್ತ್ ಫೊರೆಸ್ತಿಯೇರ್’ ಮರದ ಲಾರಿಗಾಗಿ ಕಡಿದ ಕಾಡುರಸ್ತೆ: ಅಗಲ, ಗಟ್ಟಿ, ಮರ ಕಡಿಯುವ ಕೆಲಸ ನಡೆಯುತ್ತಿದ್ದರೆ ಮಾತ್ರ ಕೆಸರುಗದ್ದೆ. ‘ಶ್ಮಾಂ ರೂರಾಲ್’ ಊರೂರಿನ ಬಂಡಿದಾರಿ. ಸಾರ್ವಜನಿಕರಿಗೆ ತೆರೆದದ್ದು, ಒಳ್ಳೆಯದೂ ಇರಬಹುದು, ಮುಳ್ಳುಪೊದೆಯಲ್ಲಿ ಮಾಯವೂ ಆಗಬಹುದು. ‘ಪ್ರೊಪ್ರಿಯೆತೆ ಪ್ರಿವೆ’ ಎಂಬ ಬೋರ್ಡು ಕಂಡರೆ ಆಪ್ ತೋರಿಸಿದರೂ ಒಳಗೆ ಹೋಗಬೇಡಿ. 2023ರ ಫೆಬ್ರವರಿಯ ಕಾಯ್ದೆಯ ಪ್ರಕಾರ, ಖಾಸಗಿ ಎಂದು ಗುರುತು ಹಾಕಿದ ಹೊಲ-ಕಾಡಿಗೆ ನುಗ್ಗಿದರೆ ದಂಡ ಬೀಳುತ್ತದೆ.

ಏರಿಗೆ ಒಂದು ಅಂದಾಜು ಇಟ್ಟುಕೊಳ್ಳಿ. ಸಾಮಾನು ಹೊತ್ತ ಸೈಕಲ್ಲಿನಲ್ಲಿ ದಿನಕ್ಕೆ 300 ಮೀ. ಒಳಗಿದ್ದರೆ ಯಾರಾದರೂ ತುಳಿಯಬಹುದು. 800ರಿಂದ 1,000 ಮೀ. ಆದರೆ ವಾರಾಂತ್ಯದಲ್ಲಿ ನಂದಿ ಬೆಟ್ಟ ಹತ್ತುವವರಿಗೆ ಸರಿ. 1,200 ದಾಟಿತೋ, ಮರುದಿನ ಎದ್ದು ಮತ್ತೆ ಅಷ್ಟೇ ತುಳಿಯುವ ಅಭ್ಯಾಸ ಇದ್ದವರಿಗೆ ಮಾತ್ರ.

ಊಟದ ವಿಷಯ ಇನ್ನೂ ಮುಖ್ಯ, ಯಾಕೆಂದರೆ ಹೊಸಬರು ಎಡವುವುದೇ ಇಲ್ಲಿ. ಹಳ್ಳಿಯ ಬೇಕರಿ ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮೂರೂವರೆ ನಾಲ್ಕಕ್ಕೆ. ವಾರದಲ್ಲಿ ಒಂದು ದಿನ ಪೂರ್ತಿ ರಜೆ, ಅದು ಹೆಚ್ಚಾಗಿ ಸೋಮವಾರ. ಭಾನುವಾರ ಮಧ್ಯಾಹ್ನದ ನಂತರ ಕಿರಾಣಿ ಅಂಗಡಿಯೂ ಇಲ್ಲ. ಹೋಟೆಲಿನಲ್ಲಿ ಬಿಸಿ ಊಟ ಸಿಗುವುದು ಹನ್ನೆರಡರಿಂದ ಒಂದೂವರೆಯವರೆಗೆ. ಎರಡು ಗಂಟೆಗೆ ಬೆವರೊರೆಸಿಕೊಂಡು ಒಳಗೆ ಹೋದರೆ ಅಡುಗೆಮನೆ ಮುಚ್ಚಿದೆ ಅನ್ನುತ್ತಾರೆ, ಕೋಪದಿಂದಲ್ಲ, ಅದೇ ಅಲ್ಲಿಯ ಕ್ರಮ. ಹನ್ನೊಂದೂವರೆಗೇ ಬ್ರೆಡ್ಡು, ಚೀಸು, ಹಣ್ಣು ಚೀಲಕ್ಕೆ ಹಾಕಿಕೊಂಡವರು ಗೆದ್ದರು. ನೀರಿಗೆ ಊರಿನ ಸ್ಮಶಾನ ನೋಡಿ. ಸಮಾಧಿಯ ಹೂಗಿಡಗಳಿಗೆ ಹಾಕಲೆಂದು ಅಲ್ಲಿ ನಲ್ಲಿ ಇದ್ದೇ ಇರುತ್ತದೆ. ‘ಒ ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಕುಡಿಯಬಾರದು, ಅಷ್ಟೇ.

ನಾಂತ್–ಬ್ರೆಸ್ಟ್ ಕಾಲುವೆ, ಬ್ರಿಟನಿ

ಮೊದಲ ಸಲ ಹೋಗುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಬ್ರೆಸ್ಟ್ ಬಂದರನ್ನು ಇಂಗ್ಲಿಷರ ಯುದ್ಧನೌಕೆಗಳು ಸಮುದ್ರದಲ್ಲಿ ಅಡ್ಡಗಟ್ಟುತ್ತಿದ್ದ ನೆಪೋಲಿಯನ್ ಕಾಲದಲ್ಲಿ, ಸರಕನ್ನು ಒಳನಾಡಿನಿಂದಲೇ ಸಾಗಿಸಲು ಹೊರಟು 1842ಕ್ಕೆ ಮುಗಿಸಿದ ಕಾಲುವೆ. ಸುಮಾರು 360 ಕಿ.ಮೀ., ಉದ್ದಕ್ಕೂ ದಂಡೆ ದಾರಿ. ನಾಂತ್‌ನಿಂದ ರೆದೋಂ, ಜೋಸ್ಲಾಂ, ಪೊಂತಿವಿ, ಗ್ಲೋಮೆಲ್, ಕಾರ್ಹೇ ದಾಟಿ ಶಾತೋಲಾಂವರೆಗೆ ಐದಾರು ದಿನದ ಆರಾಮದ ಪಯಣ.

ನೆಲವೆಲ್ಲ ಒತ್ತಿ ಕೂರಿಸಿದ ಸಣ್ಣ ಜಲ್ಲಿ-ಮರಳು. 35 ಮಿ.ಮೀ. ಟೈರು ಧಾರಾಳ. ಏರು ಎಂದರೆ ದೋಣಿಯನ್ನು ಮಟ್ಟದಿಂದ ಮಟ್ಟಕ್ಕೆ ಏರಿಸಿ ಇಳಿಸುವ ಲಾಕ್‌ಗೇಟಿನ ಪಕ್ಕದ ಎರಡು ಮೂರು ಮೀಟರ್ ದಿಣ್ಣೆ. ಕಾಲುವೆಯ ಅತಿ ಎತ್ತರದ ಜಾಗ ಗ್ಲೋಮೆಲ್ ಬಳಿ, ಅದೂ 200 ಮೀ. ಮುಟ್ಟುವುದಿಲ್ಲ. ಅಲ್ಲಿ ಸುಮಾರು ಮೂರು ಕಿ.ಮೀ. ಉದ್ದದ ಆಳವಾದ ಕಂದಕವಿದೆ, 1823ರಿಂದ ಸುಮಾರು ಹತ್ತು ವರ್ಷ ಕೈದಿಗಳಿಂದ ಅಗೆಸಿದ್ದು. ಗೆರ್ಲೇದಾಂ ಜಲಾಶಯದ ಬಳಿ ಮಾತ್ರ ಕಾಲುವೆ ಕಾಣೆಯಾಗುತ್ತದೆ. 1930ರಲ್ಲಿ ಮುಗಿದ ಅಣೆಕಟ್ಟು 17 ಲಾಕ್‌ಗೇಟುಗಳನ್ನು ನುಂಗಿದೆ. ಆ ತುಂಡಿಗೆ ಪಕ್ಕದ ಹಳೇ ರೈಲುಮಾರ್ಗದ ಹಸಿರುದಾರಿ ಹಿಡಿಯಬೇಕು.

ಇಲ್ಲಿ ಕೆಡುವುದು ಮೈಯಲ್ಲ, ಸೈಕಲ್ಲು. ಬ್ರಿಟನಿಯ ಮಳೆ ಜೋರಿಲ್ಲ, ಬಿಡುವುದೂ ಇಲ್ಲ. ಒದ್ದೆ ಮರಳು ಚೈನಿಗೆ ಅಂಟಿ ಅರೆಯುವ ಪೇಸ್ಟ್ ಆಗುತ್ತದೆ. ದಿನವೂ ಸಂಜೆ ಬಾಟಲಿ ನೀರಿನಲ್ಲಿ ಚೈನು ತೊಳೆದು, ಬಟ್ಟೆಯಿಂದ ಒರೆಸಿ, ಒದ್ದೆ ಹವೆಯ ಎಣ್ಣೆ ಹಾಕಿ, ಮೇಲಿನ ಹೆಚ್ಚುವರಿ ಒರೆಸಿಬಿಡಿ. ಒರೆಸದೆ ಬಿಟ್ಟ ಎಣ್ಣೆ ಮರುದಿನ ಇನ್ನಷ್ಟು ಮರಳು ಹಿಡಿಯುತ್ತದೆ. ಡಿಸ್ಕ್ ಬ್ರೇಕಿನ ರೆಸಿನ್ ಪ್ಯಾಡುಗಳು ಮಳೆಯ ಒಂದೇ ವಾರದಲ್ಲಿ ಸವೆದು ಲೋಹ ತಾಗಬಹುದು. ಒಂದು ಜೊತೆ ಲೋಹಮಿಶ್ರಿತ ಪ್ಯಾಡು ಇಟ್ಟುಕೊಳ್ಳಿ, ತೂಕ ಐವತ್ತು ಗ್ರಾಮೂ ಇಲ್ಲ.

ಊಟಕ್ಕೆ ಬಕ್‌ವೀಟ್ ಹಿಟ್ಟಿನ ‘ಗಲೆತ್’ ಊರೂರಲ್ಲಿ ಸಿಗುತ್ತದೆ. ಬಣ್ಣ, ಅಂಚಿನ ಗರಿಗರಿ ನೋಡಿದರೆ ರಾಗಿ ದೋಸೆ ನೆನಪಾಗದೆ ಇರದು. ಮಾಮೂಲಿ ‘ಕೋಂಪ್ಲೆತ್’ನಲ್ಲಿ ಮೊಟ್ಟೆ, ಚೀಸು, ಹಂದಿಮಾಂಸ ಮೂರೂ ಇರುತ್ತವೆ. ‘ಸಾಂ ಜಾಂಬೋಂ’ ಅಂದರೆ ಮಾಂಸ ಬಿಡುತ್ತಾರೆ. ರೈಲಿನ ವಿಷಯದಲ್ಲಿ ಮಧ್ಯದ ತುಂಡು ಬಡವ. ರೆದೋಂ ದೊಡ್ಡ ಜಂಕ್ಷನ್, ಕಾರ್ಹೇಯಿಂದ ಗ್ಯಾಂಗಾಂಗೆ ಸಣ್ಣ ರೈಲಿದೆ, ಶಾತೋಲಾಂನಲ್ಲಿ ಕ್ಯಾಂಪೇರ್–ಬ್ರೆಸ್ಟ್ ಮಾರ್ಗ ಸಿಗುತ್ತದೆ. ನಡುವೆ ಜೋಸ್ಲಾಂ, ಪೊಂತಿವಿಗಳಲ್ಲಿ ಪ್ರಯಾಣಿಕರ ರೈಲು ನಂಬಿ ಕೂರಬೇಡಿ.

ಒಂದು ದೂರು ಇದೆ: ಬೇಸರ. ಮೂರನೆಯ ದಿನಕ್ಕೆ ನೀರು, ಮರ, ಲಾಕ್‌ಗೇಟು, ನೀರು, ಮರ, ಲಾಕ್‌ಗೇಟು. ಮಾತಾಡಲು ಜೊತೆಯವರಿದ್ದರೆ ಇದು ಸಮಸ್ಯೆಯೇ ಅಲ್ಲ.

ಕೆನಾಲ್ ದ್ಯು ಮಿದಿ: ಹೆಸರು ದೊಡ್ಡದು

ತುಲೂಜ್‌ನಿಂದ ಮೆಡಿಟರೇನಿಯನ್ ದಂಡೆಯ ತೋ ಸರೋವರದವರೆಗೆ 240 ಕಿ.ಮೀ. ಪಿಯೆರ್-ಪಾಲ್ ರಿಕೆ 1666ರಲ್ಲಿ ಕೈಹಚ್ಚಿದ್ದು, 1681ರಲ್ಲಿ ತೆರೆದದ್ದು, 1996ರಿಂದ ಯುನೆಸ್ಕೋ ಪಟ್ಟಿಯಲ್ಲಿರುವುದು. ಎಲ್ಲರಿಗೂ ಮೊದಲು ಹೊಳೆಯುವ ಹೆಸರು ಇದೇ, ಮೋಸ ಹೋಗುವವರೂ ಇಲ್ಲೇ ಹೆಚ್ಚು.

ಯಾಕೆಂದರೆ ಇದು ಒಂದು ದಾರಿಯಲ್ಲ, ಎರಡು. ತುಲೂಜ್‌ನಿಂದ ಸುಮಾರು 50 ಕಿ.ಮೀ. ಡಾಂಬರು, ಮಕ್ಕಳೂ ತುಳಿಯಬಹುದು. ನೀರು ಎರಡು ಕಡೆಗೆ ಹರಿದು ಹೋಗುವ ನೋರೂಜ್ ದಿಣ್ಣೆ 189 ಮೀ., ಅದೇ ಕಾಲುವೆಯ ನೆತ್ತಿ. ಅದನ್ನು ದಾಟಿ ಔಡ್ ಜಿಲ್ಲೆಗೆ ಬಂದ ಮೇಲೆ ಡಾಂಬರು ಹೋಗಿ ಜಲ್ಲಿ, ಜಲ್ಲಿ ಹೋಗಿ ಮಣ್ಣು. ಕೆಲವು ಕಡೆ ಈಚೆಗೆ ಹದ ಮಾಡಿದ್ದಾರೆ. ಕಾರ್ಕಸ್ಸೋನ್ ದಾಟಿದ ಮೇಲೆ ಹಲವು ತುಂಡುಗಳು ಒಂದು ಅಡಿ ಅಗಲದ ಕಾಲುಹಾದಿ. ಎಡಕ್ಕೆ ಹುಲ್ಲು, ಬಲಕ್ಕೆ ನೀರು, ಚಕ್ರದಡಿ ಪ್ಲೇನ್ ಮರದ ಬೇರುಗಳು ಮೆಟ್ಟಿಲು ಮೆಟ್ಟಿಲಾಗಿ. ಗಂಟೆಗೆ 18 ಕಿ.ಮೀ. ಎಂದು ಲೆಕ್ಕ ಹಾಕಿಕೊಂಡು ಕೋಣೆ ಕಾದಿರಿಸಿದವರು 11ರಲ್ಲಿ ತೆವಳುತ್ತ ಕತ್ತಲಾದ ಮೇಲೆ ಊರು ಸೇರುತ್ತಾರೆ. ಇಲ್ಲಿಗೆ 45 ಮಿ.ಮೀ. ಟೈರು ಬೇಕು, ಮತ್ತು ಪಕ್ಕಕ್ಕೆ ಚಾಚಿದ ದೊಡ್ಡ ಚೀಲಗಳಿಗಿಂತ ಫ್ರೇಮಿಗೆ ಬಿಗಿದ ಸಪೂರ ಚೀಲಗಳು ಒಳ್ಳೆಯದು. ಅಗಲದ ಚೀಲ ಪೊದೆಗೆ ಸಿಕ್ಕಿದರೆ ಸೈಕಲ್ ವಾಲುವುದು ನೀರಿನ ಕಡೆಗೇ.

ನೆರಳು ಇನ್ನೊಂದು ಮಾತು. ಹಳೇ ಚಿತ್ರಗಳಲ್ಲಿ ಕಾಣುವ ಪ್ಲೇನ್ ಮರಗಳ ಚಪ್ಪರ ಎಲ್ಲ ಕಡೆಯೂ ಉಳಿದಿಲ್ಲ. 2006ರಲ್ಲಿ ಇಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಸಾವಿರಾರು ಮರಗಳನ್ನು ಕಡಿದು ಸುಟ್ಟಿದ್ದಾರೆ, ಬೇರೆ ಜಾತಿಯ ಸಸಿಗಳು ಇನ್ನೂ ಬೆಳೆಯುತ್ತಿವೆ. ಜುಲೈ-ಆಗಸ್ಟಿನಲ್ಲಿ 35 ಡಿಗ್ರಿಯ ಬಿಸಿಲಿಗೆ ಮೈಯೊಡ್ಡಿ ಗಂಟೆಗಟ್ಟಲೆ ಹೋಗಬೇಕಾಗುತ್ತದೆ.

ಗಾಳಿಯ ಲೆಕ್ಕವೂ ಇದೆ. ಪಶ್ಚಿಮ-ವಾಯವ್ಯದಿಂದ ಬೀಸುವ ‘ಸೆರ್ಸ್’ ತುಲೂಜ್‌ನಿಂದ ಸಮುದ್ರದ ಕಡೆ ಹೋಗುವವರ ಬೆನ್ನು ತಳ್ಳುತ್ತದೆ. ಆಗ್ನೇಯದಿಂದ ಬರುವ ‘ಓತಾಂ’ ಎದೆಗೆ ಒದೆಯುತ್ತದೆ, ಅದೂ ದಿನಗಟ್ಟಲೆ. ಹೊರಡುವ ಹಿಂದಿನ ದಿನ ಗಾಳಿ ನೋಡಿ ದಿಕ್ಕು ಬದಲಿಸಲು ಇಲ್ಲಿ ಸುಲಭ, ಯಾಕೆಂದರೆ ತುಲೂಜ್–ಕಾಸ್ತೆಲ್‌ನೋದರಿ–ಕಾರ್ಕಸ್ಸೋನ್–ನಾರ್ಬೋನ್–ಬೇಜಿಯೇ–ಸೆತ್ ರೈಲುಮಾರ್ಗ ಬಹುಪಾಲು ಕಾಲುವೆಯ ಆಸುಪಾಸಿನಲ್ಲೇ ಓಡುತ್ತದೆ. ಐದರಲ್ಲಿ ಕೈಬಿಟ್ಟು ವಾಪಸಾಗಲು ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಪಂಕ್ಚರ್ ಬಗ್ಗೆ ಹೇಳಬೇಕು. ಸಮುದ್ರದ ಕಡೆಯ ಒಣ ದಂಡೆಗಳಲ್ಲಿ ನಮ್ಮ ನೆಗ್ಗಿಲು ಮುಳ್ಳೇ ಬೆಳೆಯುತ್ತದೆ, ಅದೇ ಗಿಡ, ಅದೇ ಬುಗುರಿ ಕಾಯಿ. ಟ್ಯೂಬ್‌ಲೆಸ್ ಟೈರಿಗೆ ತಲಾ 60 ಮಿ.ಲೀ. ಸೀಲಂಟ್ (ತೂತು ತಾನೇ ಮುಚ್ಚುವ ದ್ರವ) ಹಾಕಿದ್ದರೆ ಮುಳ್ಳು ಹೊಕ್ಕಿದ್ದು ಗೊತ್ತೂ ಆಗುವುದಿಲ್ಲ. ಅಪಾಯ ಅಲ್ಲೇ ಇದೆ. ಮುಂದೆ ಯಾವತ್ತೋ ಟೈರು ಹರಿದು ಒಳಗೆ ಟ್ಯೂಬ್ ಹಾಕುವ ಪ್ರಸಂಗ ಬಂದರೆ, ಆವರೆಗೆ ಸದ್ದಿಲ್ಲದೆ ಕೂತಿದ್ದ ಮುಳ್ಳುಗಳೆಲ್ಲ ಒಟ್ಟಿಗೆ ಚುಚ್ಚುತ್ತವೆ. ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಗೆ ಬಟ್ಟೆ ಸವರಿ, ಬಟ್ಟೆ ಸಿಕ್ಕಿಕೊಂಡ ಕಡೆಯಲ್ಲೆಲ್ಲ ಇಕ್ಕಳದಿಂದ ಕೀಳಿ. ಬೆರಳು ಸವರಬೇಡಿ.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಕಾಸ್ತೆಲ್‌ನೋದರಿಯ ಹೆಮ್ಮೆಯ ಕಾಸುಲೆ ಮಡಕೆಯಲ್ಲಿ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ, ನೋಡಲು ಅವರೆಕಾಳು ಹುಳಿಯ ದೂರದ ನೆಂಟ. ಒಳಗೆ ಬಾತುಕೋಳಿ, ಹಂದಿ ಸಾಸೇಜು ಕರಗಿಹೋಗಿರುತ್ತವೆ, ಬೇರ್ಪಡಿಸಿ ಕೊಡಿ ಎನ್ನುವ ಹಾಗಿಲ್ಲ.

ದೋಲ್ಚೆ ವಿಯಾ, ಆರ್ದೆಶ್

ಇದು ಚಿಕ್ಕದು, ಅಚ್ಚುಕಟ್ಟು, ಹೆಸರಿಗಿಂತ ಗುಣ ಹೆಚ್ಚು. 1968ರಲ್ಲಿ ನಿಂತುಹೋದ ಮೀಟರ್‌ಗೇಜ್ ರೈಲಿನ ಹಾಸು. ರೋನ್ ನದಿಯ ದಂಡೆಯ ಲಾ ವೂಲ್ತ್‌ನಿಂದ ಎರಿಯು ಕಣಿವೆ ಹಿಡಿದು ಲ ಶೇಲಾರ್‌ವರೆಗೆ, ಅಲ್ಲಿ ಕವಲೊಡೆದು ಒಂದು ಲಾಮಾಸ್ತ್ರ್ ಕಡೆಗೆ, ಇನ್ನೊಂದು ಸಾಂತ್ ಅಗ್ರೇವ್‌ಗೆ. ಒಟ್ಟು 90 ಕಿ.ಮೀ. ಸುಮಾರು. ನೂರು ಮೀಟರ್ ಎತ್ತರದಿಂದ ಸಾವಿರ ದಾಟಿ ಏರುತ್ತದೆ, ಆದರೆ ಒಂದೇ ಸಮನೆ ಒಂದು, ಎರಡು, ಎರಡೂವರೆ ಪ್ರತಿಶತ. ಏರುತ್ತಿದ್ದೇವೆ ಎನ್ನುವುದು ಕಾಲಿಗಿಂತ ಮೊದಲು ಗಿಡಗಳಿಂದ ಗೊತ್ತಾಗುತ್ತದೆ. ಕೆಳಗೆ ಹಣ್ಣಿನ ತೋಟ, ನಡುವೆ ಕಲ್ಲುಗೋಡೆ ಕಟ್ಟಿದ ಮೆಟ್ಟಿಲು ಹೊಲಗಳಲ್ಲಿ ಚೆಸ್ಟ್‌ನಟ್ ಮರ, ಮೇಲೆ ಪೈನು.

ನೆಲ ಸಮ, 38 ಮಿ.ಮೀ. ಟೈರಿಗೆ ಹಬ್ಬ. ನಡುವೆ ಸಣ್ಣ ಸುರಂಗಗಳಿವೆ, ಮುಂದೊಂದು ದೀಪ ಇರಲಿ. ಕೆಳಗಿನ ಅರ್ಧದಲ್ಲಿ ಕ್ಯಾಂಪಿಂಗ್ ಜಾಗ, ಬಾಡಿಗೆ ಸೈಕಲ್, ಹಳೇ ಸ್ಟೇಷನ್ನಿನಲ್ಲೇ ಕಾಫಿ ಎಲ್ಲ ಸಿಗುತ್ತವೆ. ಎಂಟು-ಹತ್ತು ವರ್ಷದ ಮಕ್ಕಳಿದ್ದರೆ ಹೋಗುವುದಕ್ಕೆ ಇದೇ ಸರಿ. ಇನ್ನೊಂದು ಉಪಾಯ: ಬಾಡಿಗೆ ವ್ಯಾನು ಸಿಕ್ಕರೆ ಸಾಂತ್ ಅಗ್ರೇವ್‌ವರೆಗೆ ಅದರಲ್ಲಿ ಹೋಗಿ, ದಿನವಿಡೀ ಇಳಿಯುತ್ತ ಬರುವುದು.

ರೈಲು ನೇರ ಇಲ್ಲ. ಲಾ ವೂಲ್ತ್‌ನಲ್ಲಿ ಪ್ರಯಾಣಿಕರ ರೈಲಿಲ್ಲದ ಕಾರಣ ನದಿಯಾಚೆಯ ಲೀವ್ರೋಂನಲ್ಲಿ ಇಳಿದು ಸೇತುವೆ ದಾಟಿ ತುಳಿಯಬೇಕು. ಅರ್ಧ ಗಂಟೆಯ ಕೆಲಸ. ಕೊರತೆ ಎಂದರೆ ಎರಡು ಮೂರು ದಿನದಲ್ಲಿ ಮುಗಿದುಹೋಗುತ್ತದೆ. ವಾರ ಇದ್ದವರು ಸಾಂತ್ ಅಗ್ರೇವ್‌ನಿಂದ ಮುಂದೆ ಪ್ರಸ್ಥಭೂಮಿ ಹತ್ತಿ, ಲ್ವಾರ್ ನದಿ ಹುಟ್ಟುವ ಜೆರ್ಬಿಯೇ ದ ಜೋಂಕ್ ಗುಡ್ಡದವರೆಗೆ (1,551 ಮೀ.) ಹೋಗಬಹುದು. ಅಲ್ಲಿಂದ ಮುಂದಿನದು ರೈಲು ಹತ್ತಿದ ಏರಲ್ಲ, ಬೆಟ್ಟದ ಏರು.

ಮೊರ್ವಾಂ: ಬೋರ್ಡು ನೋಡಿ ಹೋಗುವ ದಾರಿಯಲ್ಲ

ಬರ್ಗಂಡಿಯ ಗ್ರಾನೈಟ್ ಗುಡ್ಡನಾಡು. ಅತಿ ಎತ್ತರದ ಓ ಫೊಲಾಂ 901 ಮೀ. ಮಾತ್ರ, ಅಂದರೆ ಸಕಲೇಶಪುರದ ಆಸುಪಾಸಿನ ಎತ್ತರ. ಆದರೆ ಗುಡ್ಡ ಇಳಿದ ಕೂಡಲೇ ಗುಡ್ಡ. 60 ಕಿ.ಮೀ. ದಿನದಲ್ಲಿ 1,000 ಮೀ. ಏರು ಸಲೀಸಾಗಿ ಕೂಡಿಹೋಗುತ್ತದೆ. ಪ್ಯಾರಿಸ್‌ನ ಬೆರ್ಸಿ ನಿಲ್ದಾಣದಿಂದ ಅವಲೋಂಗೆ ಪ್ರಾದೇಶಿಕ ರೈಲು ಇದೆ, ಮೂರು ಗಂಟೆಯ ಒಳಗೆ. ಅಲ್ಲಿಂದ ಯುನೆಸ್ಕೋ ಪಟ್ಟಿಯ ಬೆಸಿಲಿಕಾ ಇರುವ ವೆಜಲೇ ಗುಡ್ಡ, ಸೆತ್ತೋಂ ಮತ್ತು ಪಾನ್ಸಿಯೇರ್ ಕೆರೆಗಳು, ಗಾಲ್ ಜನರ ಹಳೇ ಪಟ್ಟಣ ಬಿಬ್ರಾಕ್ತ್ ಇದ್ದ ಬುವ್ರೇ ಬೆಟ್ಟ ಸೇರಿಸಿ ನಾಲ್ಕೈದು ದಿನದ ಸುತ್ತು ಹಾಕಬಹುದು. ಸೆತ್ತೋಂ ಕೆರೆ ಕಟ್ಟಿದ್ದೇ ಮರದ ದಿಮ್ಮಿ ತೇಲಿಸಲು. ಪ್ಯಾರಿಸ್ಸಿನ ಒಲೆಗಳಿಗೆ ಸೌದೆ ಇಲ್ಲಿಂದ ಹೊಳೆಯಲ್ಲಿ ತೇಲಿ ಹೋಗುತ್ತಿತ್ತು.

ಮರದ ಕಸುಬು ಈಗಲೂ ನಿಂತಿಲ್ಲ, ಅದೇ ಈ ದಾರಿಯ ಸುಖ ಮತ್ತು ದುಃಖ. ಡಗ್ಲಸ್ ಮರಗಳ ನೆಡುತೋಪಿನ ನಡುವೆ ಲಾರಿರಸ್ತೆಗಳು ಗಟ್ಟಿಯಾಗಿ, ಅಗಲವಾಗಿ, ಗಂಟೆಗಟ್ಟಲೆ ಒಬ್ಬರೂ ಕಾಣದ ಹಾಗೆ ಸಿಗುತ್ತವೆ. ಗ್ರಾನೈಟ್ ಮರಳಿನ ನೆಲವಾದ್ದರಿಂದ ಮಳೆ ನಿಂತ ಅರ್ಧ ದಿನಕ್ಕೆ ಒಣಗುತ್ತದೆ. ಆದರೆ ಕಡಿಯುವ ಯಂತ್ರ ಹೋದ ಕಡೆ ಮೊಳಕಾಲುದ್ದ ಗಾಲಿಗುಂಡಿ, ಅದರಲ್ಲಿ ಕೆಸರಿಗಿಂತ ಕೆಟ್ಟದ್ದಾದ ರೆಂಬೆ ಚೂರುಗಳು. ಹೆಬ್ಬೆರಳು ದಪ್ಪದ ಒಂದು ಕಡ್ಡಿ ಹಿಂಚಕ್ರದ ಅರೆಗೆ ಸಿಕ್ಕಿ ಒಂದು ಸುತ್ತು ಬಂದರೆ ಸಾಕು, ಗೇರು ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿದು ಬೀಳುತ್ತದೆ. ಹ್ಯಾಂಗರ್ ಒಂದೊಂದು ಫ್ರೇಮಿಗೆ ಒಂದೊಂದು ಬಗೆ, ಹಳ್ಳಿಯಲ್ಲಿರಲಿ ಪಟ್ಟಣದಲ್ಲೂ ಸಿಗದು. ನಿಮ್ಮ ಫ್ರೇಮಿನದ್ದೇ ಒಂದನ್ನು ಮನೆಯಿಂದ ತನ್ನಿ. ಕಡ್ಡಿ ಸಿಕ್ಕ ಸದ್ದು ಕೇಳಿದೊಡನೆ ಪೆಡಲ್ ನಿಲ್ಲಿಸಿ ಹಿಂದಕ್ಕೆ ತಿರುಗಿಸಿ. ಬಲಹಾಕಿ ಬಿಡಿಸಿಕೊಳ್ಳಲು ಹೋದವರದ್ದೇ ಮುರಿಯುವುದು.

ನಕ್ಷೆಯಲ್ಲಿ ಕಾಣುವ ಕಾಡುರಸ್ತೆಗಳಲ್ಲಿ ಎಷ್ಟೋ ದಿಮ್ಮಿ ಪೇರಿಸುವ ಬಯಲಿಗೆ ಹೋಗಿ ನಿಂತುಬಿಡುತ್ತವೆ. ಎರಡು ತುದಿಯೂ ಊರಿಗೋ ಡಾಂಬರಿಗೋ ಮುಟ್ಟುವ ದಾರಿಯನ್ನೇ ಆರಿಸಿ, ಸಂಶಯವಿದ್ದರೆ ಉಪಗ್ರಹ ಚಿತ್ರ ನೋಡಿ. ಫ್ರೆಂಚ್ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ 1:25,000 ನಕ್ಷೆ ಇಲ್ಲಿ ಯಾವ ಆಪಿಗಿಂತಲೂ ನಂಬಿಕಸ್ತ. ಬೇಟೆಯ ಕಾಲವನ್ನೂ ಮರೆಯಬೇಡಿ. ಸೆಪ್ಟೆಂಬರಿನಿಂದ ಫೆಬ್ರವರಿ ಕೊನೆಯವರೆಗೆ, ವಿಶೇಷವಾಗಿ ಭಾನುವಾರ, ‘ಶಾಸ್ ಆಂ ಕೂರ್’ (ಬೇಟೆ ನಡೆಯುತ್ತಿದೆ) ಎಂಬ ಬೋರ್ಡು ಕಂಡರೆ ಸುತ್ತು ಬಳಸಿ. ಕಿತ್ತಳೆ ಜಾಕೆಟ್ ಆ ತಿಂಗಳುಗಳಲ್ಲಿ ಶೋಕಿಗಲ್ಲ.

ಟೈರು 42ರಿಂದ 45 ಮಿ.ಮೀ. ಎರಡು ಊಟದ ನಡುವೆ 25-30 ಕಿ.ಮೀ. ಅಂತರ ಸಾಮಾನ್ಯ. ದಾರಿಯನ್ನು ತಾವೇ ಹೆಣೆಯುವ ಹುಚ್ಚಿದ್ದವರಿಗೆ ಐದರಲ್ಲಿ ಇದೇ ಶ್ರೇಷ್ಠ. ಬೋರ್ಡು ಹಿಡಿದು ಹೋಗುವವರಿಗೆ ಇದು ತಲೆನೋವು.

ಸೆವೆನ್ನ್ ಮತ್ತು ಕೋಸ್ ಮೇಜಾಂ

ಇಲ್ಲಿ ಕಲ್ಲು ಬದಲಾಗುತ್ತದೆ, ಅದರೊಂದಿಗೆ ಎಲ್ಲವೂ. 550 ಮೀ. ಎತ್ತರದ ಫ್ಲೋರಾಕ್ ಊರಿನ ನೆತ್ತಿಯ ಮೇಲೆ ಕೋಟೆಗೋಡೆಯಂತೆ ಸುಣ್ಣಕಲ್ಲಿನ ಬಂಡೆ. ಅದನ್ನು ಸುತ್ತಿ ಸುತ್ತಿ ಹತ್ತಿದರೆ ಸಾವಿರ ಮೀಟರಿನ ಮೇಲೆ ಮರವಿಲ್ಲದ ಹುಲ್ಲುಬಯಲು: ಕೋಸ್ ಮೇಜಾಂ. ಚದರ ಕಿಲೋಮೀಟರಿಗೆ ಒಬ್ಬಿಬ್ಬರು ಜನ. ಕುರಿ, ಹದ್ದು, ಮಂಗೋಲಿಯಾ ಮೂಲದ ಪ್ರ್ಜೆವಾಲ್ಸ್ಕಿ ಕುದುರೆಗಳ ಒಂದು ಹಿಂಡು. ಹಳ್ಳ ಇಲ್ಲ, ತೊರೆ ಇಲ್ಲ. ಬಿದ್ದ ಮಳೆಯೆಲ್ಲ ಸುಣ್ಣಕಲ್ಲಿನ ಬಿರುಕಿನಲ್ಲಿ ಇಳಿದು ಕೆಳಗೆ ಕಣಿವೆಯಲ್ಲಿ ಊಟೆಯಾಗುತ್ತದೆ. ಹಾಗಾಗಿ ಹತ್ತುವ ಮೊದಲೇ ತಲಾ ಮೂರು ಲೀಟರ್ ನೀರು. ಕುರಿಗಳಿಗಾಗಿ ಕಟ್ಟಿದ ‘ಲವೋಞ್’ ಹೊಂಡದ ನೀರು ಮನುಷ್ಯರಿಗಲ್ಲ.

ನೆಲ ಒಣಗಿದಾಗ ಬಯಲ ಮೇಲಿನ ಬಂಡಿದಾರಿಗಳಷ್ಟು ಸೊಗಸಾದ ಗ್ರ್ಯಾವಲ್ ಇನ್ನೊಂದಿಲ್ಲ. ಕಣಿವೆಗೆ ಇಳಿಯುವಾಗ ಮಾತ್ರ ಚೂಪು ಕಲ್ಲು. ಟೈರಿನ ತುಳಿಮೈಗೆ ಏನೂ ಆಗುವುದಿಲ್ಲ, ಪಕ್ಕದ ತೆಳು ಗೋಡೆ ಸೀಳುತ್ತದೆ. ಅಲ್ಲಿ ತೂತಿಗೆ ತುರುಕುವ ರಬ್ಬರ್ ಪ್ಲಗ್ ನಿಲ್ಲುವುದಿಲ್ಲ, ಯಾಕೆಂದರೆ ಆ ಭಾಗ ಚಕ್ರ ತಿರುಗಿದಂತೆಲ್ಲ ಬಾಗುತ್ತದೆ. ಹಳೇ ಟೈರಿನ ಐದು ಸೆಂ.ಮೀ. ತುಂಡು ಅಥವಾ ಖಾಲಿ ಟೂತ್‌ಪೇಸ್ಟ್ ಟ್ಯೂಬಿನ ತುಂಡನ್ನು ಒಳಗಿಂದ ಸೀಳಿಗೆ ಅಡ್ಡ ಇಟ್ಟು, ಟ್ಯೂಬ್ ಹಾಕಿ ಗಾಳಿ ತುಂಬಿ. 45ರಿಂದ 50 ಮಿ.ಮೀ., ಗಟ್ಟಿ ಪಕ್ಕಗೋಡೆಯ ಟೈರು ತೂಕ ಹೆಚ್ಚಾದರೂ ತನ್ನಿ. 70 ಕಿಲೋ ಮನುಷ್ಯ, 12 ಕಿಲೋ ಸಾಮಾನಿಗೆ 45ರ ಟೈರಿನಲ್ಲಿ ಮುಂದೆ 2.1, ಹಿಂದೆ 2.4 ಬಾರ್‌ನಿಂದ ಶುರುಮಾಡಿ ಹೊಂದಿಸಿಕೊಳ್ಳಿ.

ಗೇರಿನ ಲೆಕ್ಕ ಇಲ್ಲಿ ಬಿಡಿಸಿ ಹೇಳಬೇಕು. ಮುಂದೆ 40, ಹಿಂದೆ 40 ಹಲ್ಲು ಎಂದಿಟ್ಟುಕೊಳ್ಳಿ. ಹತ್ತು ಪ್ರತಿಶತ ಏರಿನಲ್ಲಿ, ಸೈಕಲ್ ಸಾಮಾನು ಸೇರಿ 93 ಕಿಲೋ, ನಿಮಿಷಕ್ಕೆ 60 ಸುತ್ತು ಪೆಡಲು ತಿರುಗಬೇಕಾದರೆ ಸುಮಾರು 230 ವಾಟ್ ಬೇಕು. ಮುಂದೆ 38, ಹಿಂದೆ 46 ಇದ್ದರೆ ಅದೇ ಸುತ್ತಿಗೆ 190 ವಾಟ್ ಸಾಕು. ವೇಗ ಗಂಟೆಗೆ ಸುಮಾರು 1.4 ಕಿ.ಮೀ. ಕಡಿಮೆಯಾಗುತ್ತದೆ, ಬದಲಿಗೆ ಮೂರನೆಯ ದಿನವೂ ಮೊಣಕಾಲು ನಿಮ್ಮದಾಗಿರುತ್ತದೆ. ಬಾಡಿಗೆ ಸೈಕಲ್ ಹಿಡಿಯುವಾಗ ಮೊದಲು ಎಣಿಸಬೇಕಾದದ್ದು ಹಿಂದಿನ ದೊಡ್ಡ ಹಲ್ಲುಚಕ್ರ.

ಫ್ಲೋರಾಕ್‌ನಿಂದ ಕೋಸ್, ಮೇರ್ವೇಯ್ಸ್, ಹವಾಮಾನ ವೀಕ್ಷಣಾಲಯ ಇರುವ ಎಗುವಾಲ್ ಬೆಟ್ಟ (1,567 ಮೀ.), ಮತ್ತೆ ಫ್ಲೋರಾಕ್: ದಿನಕ್ಕೆ 40-45 ಕಿ.ಮೀ. ಹಾಕಿಕೊಂಡರೆ ನಾಲ್ಕು ದಿನ. ಅದಕ್ಕಿಂತ ಹೆಚ್ಚು ಬೇಡ. ಫ್ಲೋರಾಕ್‌ಗೆ ರೈಲಿಲ್ಲ. ಮಾಂದ್‌ನಲ್ಲಿ ಇಳಿದರೆ ಸುಮಾರು 40 ಕಿ.ಮೀ., ಅದೂ ಗುಡ್ಡ ದಾಟಿ. ರಾಷ್ಟ್ರೀಯ ಉದ್ಯಾನದ ಒಳವಲಯದಲ್ಲಿ ಗುಡಾರ ಹಾಕಲು ನಿಯಮವಿದೆ: ‘ಜಿಆರ್’ ಗುರುತಿನ ದೂರದ ಚಾರಣದಾರಿಯಿಂದ 50 ಮೀ. ಒಳಗೆ, ಸಂಜೆ 7ರಿಂದ ಬೆಳಿಗ್ಗೆ 9ರವರೆಗೆ, ಬೆಂಕಿ ಇಲ್ಲದೆ.

ಕುರಿಮಂದೆಯ ಜೊತೆ ‘ಪಾತು’ ಎಂಬ ಬಿಳಿಯ ದೊಡ್ಡ ಕಾವಲುನಾಯಿ ಇರಬಹುದು. ಸೈಕಲ್ಲಿನಲ್ಲಿ ವೇಗವಾಗಿ ಬರುವುದೆಲ್ಲ ಅದಕ್ಕೆ ತೋಳದ ಲೆಕ್ಕ. ದೂರದಲ್ಲೇ ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟು ನಿಂತುಬಿಡಿ. ಕೋಲು ಬೀಸಬೇಡಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ. ಮೆಲುದನಿಯಲ್ಲಿ ಏನಾದರೂ ಮಾತಾಡುತ್ತಿರಿ, ಕನ್ನಡವೂ ನಡೆಯುತ್ತದೆ. ಮೂಸಿ ನೋಡಿ ಹಿಂಡಿನ ಕಡೆ ತಿರುಗಿದ ಮೇಲೆ ಹಿಂಡನ್ನು ದೂರದಿಂದ ಬಳಸಿ ನಡೆದು ಹೋಗಿ.

ತಿಂಗಳು: ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್ ಮೊದಲ ಎರಡು ವಾರ. ಶರತ್ಕಾಲದಲ್ಲಿ ಮೆಡಿಟರೇನಿಯನ್ ಕಡೆಯ ತೇವದ ಗಾಳಿ ಈ ಬೆಟ್ಟಗಳಿಗೆ ಗುದ್ದಿ ಒಂದೇ ದಿನದಲ್ಲಿ ಆಗುಂಬೆಯ ಆಷಾಢದಂತೆ ಸುರಿಯುತ್ತದೆ. ಹವಾಮಾನ ಇಲಾಖೆ ಕಿತ್ತಳೆ ಎಚ್ಚರಿಕೆ ಕೊಟ್ಟ ದಿನ ಕಣಿವೆಯ ಹೊಳೆ ಪಕ್ಕ ಗುಡಾರ ಹಾಕುವುದು ಆತ್ಮಹತ್ಯೆ.

ಹಣ, ರೈಲು, ಸಣ್ಣಪುಟ್ಟ

ಊರಿನ ಪುರಸಭೆ ನಡೆಸುವ ‘ಕಾಂಪಿಂಗ್ ಮ್ಯುನಿಸಿಪಾಲ್’ ಒಬ್ಬರ ಗುಡಾರಕ್ಕೆ ಸುಮಾರು 10-15 ಯೂರೋ, ಬಿಸಿನೀರು ಸೇರಿ. ಚಾರಣಿಗರ ತಂಗುಮನೆ ‘ಜೀತ್ ದೆತಾಪ್’ನಲ್ಲಿ ಹಂಚಿಕೊಳ್ಳುವ ಕೋಣೆಯ ಹಾಸಿಗೆ 20-30. ಮನೆಯವರೇ ನಡೆಸುವ ‘ಶಾಂಬ್ರ್ ದೋತ್’ ಇಬ್ಬರಿಗೆ ತಿಂಡಿ ಸಮೇತ 75-100. ಗುಡಾರ ಮತ್ತು ಬೇಕರಿ ಊಟದಲ್ಲಿ ದಿನಕ್ಕೆ 40 ಯೂರೋದಲ್ಲಿ ಮುಗಿಸಬಹುದು. ಬ್ರಿಟನಿ, ಮೊರ್ವಾಂ ಎರಡೂ ಅದಕ್ಕೆ ಹೇಳಿಮಾಡಿಸಿದಂತಿವೆ. ಮಿದಿ ಕಾಲುವೆಯ ಪಕ್ಕ ಬೇಸಿಗೆಯಲ್ಲಿ ಎಲ್ಲಕ್ಕೂ ಪ್ರವಾಸಿ ಬೆಲೆ. ‘ಅಕ್ಕೇಯ್ ವೇಲೋ’ ಗುರುತು ಇರುವ ವಸತಿ ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೆ ಇರಲೇಬೇಕು, ಸೈಕಲ್ಲಿಗೆ ಬೀಗದ ಜಾಗವೂ ಇರಬೇಕು. ಹುಡುಕುವಾಗ ಅದನ್ನೇ ನೋಡಿ.

ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬರುವುದಿಲ್ಲ, ಹಳ್ಳಿ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಕ್ಯಾಂಪಿಂಗ್‌ಗ್ಯಾಜ್‌ನ ಡಬ್ಬಿ, ಅದು ತಿರುಪಿನ ಒಲೆಗೆ ಕೂರುವುದಿಲ್ಲ. ತಿರುಪಿನದ್ದನ್ನು ಪಟ್ಟಣದ ಡೆಕಾತ್ಲಾನ್‌ನಲ್ಲೇ ಕೊಂಡುಕೊಳ್ಳಿ. ಅಥವಾ ಒಲೆಯನ್ನೇ ಬಿಟ್ಟು ಒಂದು ಕಿಲೋ ಪೇಪರ್ ಅವಲಕ್ಕಿ, ಮೆಣಸಿನಪುಡಿ ತನ್ನಿ. ಕೋಸ್ ಮೇಲೆ ಮಧ್ಯಾಹ್ನ ಎರಡಕ್ಕೆ ಬಿಸಿ ಊಟ ಕೊಡುವವರು ಹೇಗೂ ಇಲ್ಲ.

ಹಾಗಾದರೆ ಯಾವುದು

ಮೊದಲ ಸಲ, ಆರು ದಿನ, ಕಾಲಿನ ಮೇಲೆ ಭರವಸೆ ಇಲ್ಲ: ನಾಂತ್–ಬ್ರೆಸ್ಟ್. ಮಕ್ಕಳು ಅಥವಾ ಅಪ್ಪ-ಅಮ್ಮ ಜೊತೆಗಿದ್ದಾರೆ, ಮೂರೇ ದಿನ: ದೋಲ್ಚೆ ವಿಯಾ. ಪ್ಯಾರಿಸ್ಸಿನಲ್ಲೋ ಬ್ರಸೆಲ್ಸಿನಲ್ಲೋ ಕೆಲಸ, ಸಿಕ್ಕಿದ್ದು ಒಂದು ಉದ್ದ ವಾರಾಂತ್ಯ: ಮೊರ್ವಾಂ. ವರ್ಷವಿಡೀ ತುಳಿಯುವವರು, ದೂಳು-ಕಲ್ಲು ಬೇಕು ಅನ್ನುವವರು: ಸೆವೆನ್ನ್, ಅದೂ ಒಬ್ಬರೇ ಅಲ್ಲ. ಕೆನಾಲ್ ದ್ಯು ಮಿದಿ ಚರಿತ್ರೆಯ ಆಸೆಗೆ ಬರುವವರಿಗೆ. ಅವರೂ ತುಲೂಜ್–ಕಾರ್ಕಸ್ಸೋನ್ ತುಳಿದು, ಅಲ್ಲಿಂದ ರೈಲು ಹಿಡಿದು ಬೇಜಿಯೇಗೆ ಹೋಗಿ, ಫೊನ್ಸೆರಾನ್ ಲಾಕ್‌ಗೇಟುಗಳ ಮೆಟ್ಟಿಲು ನೋಡಿ ಸಮುದ್ರದವರೆಗೆ ತುಳಿದರೆ ಬೇರಿನ ಕಾಟ ಬಹುಪಾಲು ತಪ್ಪುತ್ತದೆ. ಅವಲೋಂನಿಂದ ಮೆಡಿಟರೇನಿಯನ್‌ವರೆಗೆ ಸುಮಾರು 1,380 ಕಿ.ಮೀ. ಗುರುತು ಹಾಕಿದ, ನಡುಫ್ರಾನ್ಸಿನ ಮಾಸಿಫ್ ಸೆಂಟ್ರಲ್ ಗುಡ್ಡನಾಡನ್ನು ಹಾಯುವ ದೂರದಾರಿಯ ಬಗ್ಗೆ ಕೇಳುವವರೂ ಇದ್ದಾರೆ. ಅದು ಮೌಂಟನ್ ಬೈಕಿನ ದಾರಿ, ಗ್ರ್ಯಾವಲ್ ಸೈಕಲ್ಲಿನಲ್ಲಿ ಪೂರ್ತಿ ಮಾಡಲು ಹೋಗಬೇಡಿ.

ಕಾದಿರಿಸುವ ಕ್ರಮ ತಲೆಕೆಳಗಾದರೆ ಹಣ ಹೋಗುತ್ತದೆ: ಮೊದಲು ರೈಲಿನಲ್ಲಿ ಸೈಕಲ್ ಜಾಗ, ಆಮೇಲೆ ಕೋಣೆ. ಪ್ರಾದೇಶಿಕ ಟಿಇಆರ್ ರೈಲುಗಳಲ್ಲಿ ಹೆಚ್ಚಾಗಿ ಸೈಕಲ್ಲಿಗೆ ದುಡ್ಡಿಲ್ಲ, ಕೆಲವು ಪ್ರಾಂತ್ಯಗಳಲ್ಲಿ ಬೇಸಿಗೆಗೆ ಮಾತ್ರ ಮುಂಗಡ ಕಡ್ಡಾಯ. ಅಂತರ್‌ನಗರ ರೈಲಿನಲ್ಲಿ ಸೈಕಲ್ ಜಾಗಕ್ಕೆ 10 ಯೂರೋ. ಅತಿವೇಗದ ಟಿಜಿವಿ ರೈಲಿನಲ್ಲಿ ಜಾಗ ಬೆರಳೆಣಿಕೆ, ಕೆಲವಲ್ಲಿ ಇಲ್ಲವೇ ಇಲ್ಲ. ಅಲ್ಲಿ ಎರಡೂ ಚಕ್ರ ಬಿಚ್ಚಿ ಚೀಲಕ್ಕೆ ಹಾಕಬೇಕು. ಹಾಕುವಾಗ ಡಿಸ್ಕ್ ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ತುಂಡು ಸಿಕ್ಕಿಸಿ. ಚಕ್ರ ಇಲ್ಲದಾಗ ಬ್ರೇಕು ಅದುಮಿತೋ, ಪ್ಯಾಡುಗಳು ಒಂದಕ್ಕೊಂದು ಅಂಟಿ ಕೂತು, ಇಳಿದ ನಿಲ್ದಾಣದಲ್ಲಿ ಚಕ್ರವೇ ಒಳಗೆ ಹೋಗುವುದಿಲ್ಲ.